ಮಿದುಳಿನ ಲಿಪಿಡ್ ಬೇರ್ಪಡಿಸಿ ತೂಗುವ ಕ್ರಮ

ದಾವಣಗೆರೆಯಲ್ಲಿ ಜೀವರಸಾಯನಶಾಸ್ತ್ರ ಓದುವ ಮಕ್ಕಳಿಗೆ ಮಿದುಳಿನ ಲಿಪಿಡ್, ಅಂದರೆ ಕೊಬ್ಬಿನ ಜಾತಿಯ ವಸ್ತುಗಳನ್ನು, ಬೇರ್ಪಡಿಸುವ ಈ ಪ್ರಯೋಗ ಹೇಳಿಕೊಡುವಾಗ ನಾನು ಬೆಣ್ಣೆದೋಸೆಯಿಂದ ಶುರುಮಾಡುತ್ತೇನೆ. ದೋಸೆಯ ಮೇಲೆ ಕರಗುವ ಬೆಣ್ಣೆಯ ಕೊಬ್ಬು ಬಹುಪಾಲು ಟ್ರೈಗ್ಲಿಸರೈಡ್, ಅಂದರೆ ದೇಹ ಶೇಖರಿಸಿಡುವ ಬಗೆಯ ಕೊಬ್ಬು. ಮಿದುಳಿನಲ್ಲಾದರೋ ಅದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿರುವುದು ಕೋಶಪೊರೆಯನ್ನು ಕಟ್ಟುವ ಫಾಸ್ಫೊಲಿಪಿಡ್, ಕೊಲೆಸ್ಟರಾಲ್ ಮತ್ತು ಸಕ್ಕರೆಯ ಅಂಶ ಸೇರಿದ ಸೆರೆಬ್ರೊಸೈಡ್‌ಗಳು.

ಮನುಷ್ಯರ ಅಂಗಾಂಶವನ್ನು ನೈತಿಕ ಸಮಿತಿಯ ಅನುಮತಿಯಿಲ್ಲದೆ ಮುಟ್ಟುವಂತಿಲ್ಲವಾದ್ದರಿಂದ, ಬೆಳಿಗ್ಗೆಯೇ ಮಾಂಸದಂಗಡಿಯಿಂದ ಕುರಿಯ ಮಿದುಳನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು. ಮೇಲಿನ ಪೊರೆಯನ್ನೂ ರಕ್ತನಾಳಗಳನ್ನೂ ಬಿಡಿಸಿ, ತಣ್ಣನೆಯ ಉಪ್ಪುನೀರಿನಲ್ಲಿ ತೊಳೆದು, ಒತ್ತುಕಾಗದದಿಂದ ತೇವ ತೆಗೆಯಿರಿ.

ಇನ್ನು ಮುಂದಿನದೇ ಇಡೀ ಪ್ರಯೋಗದ ಜೀವಾಳ: ಬೂದು ದ್ರವ್ಯವನ್ನೂ (ನರಕೋಶಗಳ ಒಡಲಿರುವ ಭಾಗ) ಬಿಳಿ ದ್ರವ್ಯವನ್ನೂ (ನರತಂತುಗಳ ಭಾಗ) ಬೇರೆಬೇರೆಯಾಗಿ ಕತ್ತರಿಸಿಕೊಳ್ಳಬೇಕು. ಮನುಷ್ಯರ ಬೂದು ದ್ರವ್ಯದಲ್ಲಿ ನೀರು ಸುಮಾರು 82%, ಒಣತೂಕದಲ್ಲಿ ಲಿಪಿಡ್ ಮೂರನೇ ಒಂದು ಭಾಗ. ಬಿಳಿ ದ್ರವ್ಯದಲ್ಲಿ ನೀರು ಸುಮಾರು 72%, ಒಣತೂಕದ ಅರ್ಧಕ್ಕೂ ಹೆಚ್ಚು ಲಿಪಿಡ್, ಏಕೆಂದರೆ ನರತಂತುಗಳಿಗೆ ಸುತ್ತಿಕೊಂಡ ಮೈಲಿನ್ ಪದರಗಳೆಲ್ಲ ಹೆಚ್ಚಾಗಿ ಅಲ್ಲಿವೆ. ಲೆಕ್ಕ ಹಾಕಿದರೆ 1 ಗ್ರಾಂ ಹಸಿ ಬಿಳಿ ದ್ರವ್ಯದಲ್ಲಿ ಸುಮಾರು 150 ಮಿಲಿಗ್ರಾಂ, ಬೂದಿನಲ್ಲಿ ಸುಮಾರು 60 ಮಿಲಿಗ್ರಾಂ ಲಿಪಿಡ್ ಬರುತ್ತದೆ. ಎರಡನ್ನೂ ಒಟ್ಟಿಗೆ ಅರೆದರೆ ಸಿಗುವ ಅಂಕಿ ಅತ್ತ ಅದೂ ಅಲ್ಲ, ಇತ್ತ ಇದೂ ಅಲ್ಲ.

ಲಿಪಿಡ್ ಹೊರತೆಗೆಯಲು 1957ರಲ್ಲಿ ಫೋಲ್ಚ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವೇ ಸಾಕು. 1 ಗ್ರಾಂ ಅಂಗಾಂಶಕ್ಕೆ ಕ್ಲೋರೊಫಾರ್ಮ್ ಮತ್ತು ಮೆಥನಾಲ್ 2:1 ಪ್ರಮಾಣದಲ್ಲಿ ಬೆರೆಸಿದ ದ್ರಾವಣವನ್ನು 20 ಮಿಲಿಲೀಟರ್ ಹಾಕಿ ನುಣ್ಣಗೆ ಅರೆದು ಸೋಸಿ. ಸೋಸಿದ್ದನ್ನು ಮತ್ತೆ 20 ಮಿಲಿಲೀಟರಿಗೆ ತಂದು, 4 ಮಿಲಿಲೀಟರ್ 0.9% ಉಪ್ಪುನೀರು ಸೇರಿಸಿ, ಮೆಲ್ಲಗೆ ಕಲಸಿ ನಿಲ್ಲಲು ಬಿಡಿ. ರಭಸದಿಂದ ಕುಲುಕಿದರೆ ನಡುವೆ ಮೊಸರಿನ ಕೆನೆಯಂಥ ಪದರ ಕಟ್ಟಿ ಗಂಟೆಗಟ್ಟಲೆ ಕಾಯುವಂತೆ ಮಾಡುತ್ತದೆ. ಕೆಳಗಿನ ಕ್ಲೋರೊಫಾರ್ಮ್ ಪದರದಲ್ಲಿ ಹೆಚ್ಚುಕಡಿಮೆ ಎಲ್ಲ ಲಿಪಿಡ್ ಇರುತ್ತದೆ. ಸಕ್ಕರೆಯ ಸರಪಳಿ ಹೊತ್ತ ಗ್ಯಾಂಗ್ಲಿಯೊಸೈಡ್ ಎಂಬ ಲಿಪಿಡ್‌ಗಳು ಮಾತ್ರ ಮೇಲಿನ ನೀರಿನ ಪದರಕ್ಕೆ ಹೋಗುತ್ತವೆ, ಬೇಕಿದ್ದವರು ಅದನ್ನು ಚೆಲ್ಲಬಾರದು. ಈ ಕೆಲಸವೆಲ್ಲ ಹೊಗೆಗೂಡಿನೊಳಗೆ (ಆವಿಯನ್ನು ಹೊರಗೆಳೆಯುವ ಕಪಾಟು), ಗಾಜಿನ ಪಾತ್ರೆಯಲ್ಲೇ ಆಗಬೇಕು. ಒಮ್ಮೆ ಅವಸರದಲ್ಲಿ ಪಾಲಿಸ್ಟೈರೀನ್ ನಳಿಕೆಗೆ ಸುರಿದೆ. ನೋಡನೋಡುತ್ತ ನಳಿಕೆ ಮಂಜಾಗಿ ಮೆತ್ತಗಾಗಿ, ಅರ್ಧ ದಿನದ ದುಡಿಮೆ ಮೇಜಿನ ಪಾಲಾಯಿತು.

ಕೆಳಪದರವನ್ನು ಮೊದಲೇ ತೂಗಿಟ್ಟ ಗಾಜಿನ ಬಟ್ಟಲಿಗೆ ತೆಗೆದು, ನೈಟ್ರೋಜನ್ ಹಾಯಿಸಿ ಒಣಗಿಸಿ ಮತ್ತೆ ತೂಗಿ. ನಮ್ಮ ಏಪ್ರಿಲ್ ಬಿಸಿಲಿಗೆ ಕ್ಲೋರೊಫಾರ್ಮ್ ತಾನಾಗಿಯೇ ಆರುತ್ತದೆಂದು ತೆರೆದಿಡುವುದು ಬೇಡ: ಅದರ ಆವಿ ವಿಷ, ಗಾಳಿಯ ಆಮ್ಲಜನಕವೂ ಕೊಬ್ಬನ್ನು ಕೆಡಿಸುತ್ತದೆ.

ಸಂಯೋಜನೆ ನೋಡಲು ಸಿಲಿಕಾ ಫಲಕದ ಮೇಲೆ ಲಿಪಿಡಿನ ಚುಕ್ಕೆಯಿಟ್ಟು, ಕ್ಲೋರೊಫಾರ್ಮ್, ಮೆಥನಾಲ್, ನೀರು 65:25:4ರ ದ್ರಾವಣ ಫಲಕವನ್ನೇರುತ್ತ ಲಿಪಿಡ್‌ಗಳನ್ನು ಬೇರ್ಪಡಿಸುವಂತೆ ಓಡಿಸಿ, ಚುಕ್ಕೆಗಳು ಕಾಣಲು ಅಯೋಡಿನ್ ಆವಿ ತೋರಿಸಿ. ಕೊಲೆಸ್ಟರಾಲ್ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ. ಅದರ ಕೆಳಗೆ, ಬಿಳಿ ದ್ರವ್ಯದ ಸಾಲಿನಲ್ಲಿ ಎದ್ದು ಕಾಣುವ ಜೋಡಿ ಚುಕ್ಕೆಗಳೇ ಸೆರೆಬ್ರೊಸೈಡ್. ಹೈಡ್ರಾಕ್ಸಿ ಗುಂಪುಳ್ಳ ಮತ್ತು ಇಲ್ಲದ ಕೊಬ್ಬಿನಾಮ್ಲಗಳಿಂದಾಗಿ ಅದು ಎರಡಾಗಿ ಒಡೆಯುತ್ತದೆ. ಬೂದು ದ್ರವ್ಯದ ಸಾಲಿನಲ್ಲಿ ಆ ಜೋಡಿ ಮಸುಕಾಗಿದ್ದರೆ ಕತ್ತರಿಸಿದ ಕೈ ಸರಿಯಾಗಿದೆ. ಅಲ್ಲೂ ದಟ್ಟವಾಗಿ ಕಂಡರೆ ಬಿಳಿಯದು ಬೆರೆತಿದೆ, ಮತ್ತೊಂದು ಮಿದುಳು ತರಬೇಕು.