ಓಟಕ್ಕೂ ಮುಂಚೆ ಕಾಲು ಮುಟ್ಟಿ ನೋಡುವ ಕೆಲಸ

ರೇಸ್ ಕುದುರೆಗಳ ಟ್ರೇನರ್ ಲೈಸೆನ್ಸ್ ಪಡೆಯುವ ಮೊದಲು ನಾನು ಬೇರೆಯವರ ಲಾಯದಲ್ಲಿ ಸಹಾಯಕನಾಗಿ ದುಡಿದವನು. ಅಲ್ಲಿ ಕಲಿತ ಒಂದು ಅಭ್ಯಾಸವನ್ನು ಇಂದಿಗೂ ಬಿಟ್ಟಿಲ್ಲ: ಬೆಳಗಿನ ತಾಲೀಮಿಗೆ ಕುದುರೆಯನ್ನು ಹೊರಡಿಸುವ ಮುನ್ನ ಅದರ ಕಾಲುಗಳನ್ನು ನಾನೇ ಮುಟ್ಟಿ ನೋಡುತ್ತೇನೆ. ಮುಂಗಾಲಿನ ಹಿಂಬದಿಯಲ್ಲಿ ಇಳಿಯುವ ಸ್ನಾಯುರಜ್ಜುವಿನ ಉದ್ದಕ್ಕೂ ಬೆರಳಾಡಿಸುವಾಗ ಒಂದು ಕಾಲು ಇನ್ನೊಂದಕ್ಕಿಂತ ತುಸು ಬೆಚ್ಚಗಿದ್ದರೂ, ಎಳ್ಳಷ್ಟು ಊತ ಕಂಡರೂ, ಪಶುವೈದ್ಯರು ನೋಡುವ ತನಕ ಅದಕ್ಕೆ ಗ್ಯಾಲಪ್, ಅಂದರೆ ವೇಗದ ಓಟ, ಇಲ್ಲ.

ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಕುದುರೆಯ ಹೃದಯವೂ ಸ್ನಾಯುಗಳೂ ಕೆಲವು ವಾರಗಳಲ್ಲೇ ತಾಲೀಮಿಗೆ ಹದಗೊಳ್ಳುತ್ತವೆ. ಮೂಳೆ ಮತ್ತು ರಜ್ಜುಗಳಿಗೆ ತಿಂಗಳುಗಳೇ ಬೇಕು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 30ರಿಂದ 40 ಬಾರಿ ಬಡಿಯುವ ಹೃದಯ ಪೂರ್ಣ ವೇಗದಲ್ಲಿ 200 ದಾಟಿ, ಓಟ ನಿಂತ ಮೇಲೆ ಬೇಗನೆ ಇಳಿದರೆ, ಎರಡು ವರ್ಷದ ಕುದುರೆ ಸಿದ್ಧವಾಯಿತೆಂದು ಸ್ಟಾಪ್‌ವಾಚ್ ಹಿಡಿದವರೆಲ್ಲ ನಂಬುತ್ತಾರೆ. ಆದರೆ ಅದೇ ಹೊತ್ತಿನಲ್ಲಿ ಮುಂಗಾಲಿನ ಮಂಡಿಯ ಕೆಳಗಿನ ಉದ್ದ ಮೂಳೆಯಾದ ಕ್ಯಾನನ್ ಮೂಳೆಯ ಮುಂಭಾಗ ನೋಯತೊಡಗಿರಬಹುದು. ಕ್ಯಾಂಟರ್, ಅಂದರೆ ಗ್ಯಾಲಪ್‌ಗಿಂತ ನಿಧಾನದ ಓಟ, ಹೆಚ್ಚಿಸಿದರೆ ಮೂಳೆ ಗಟ್ಟಿಯಾಗುತ್ತದೆಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಹಳೆಯದು, ಆದರೆ ಸರಿಯಲ್ಲ. ಮೂಳೆ ತನ್ನ ಮೇಲೆ ಬೀಳುವ ಒತ್ತಡಕ್ಕೆ ತಕ್ಕಂತೆ ರೂಪುಗೊಳ್ಳುವುದರಿಂದ, ವೇಗದ ಓಟವನ್ನು ಅದಕ್ಕೆ ವೇಗದಿಂದಲೇ, ಆದರೆ ತೀರ ಸ್ವಲ್ಪ ಸ್ವಲ್ಪವಾಗಿ, ಅಭ್ಯಾಸ ಮಾಡಿಸಬೇಕು. ಹಾಗಾಗಿ ನಾನು ಕ್ಯಾಂಟರ್‌ನ ಕೊನೆಯಲ್ಲಿ ಅರ್ಧ ಫರ್ಲಾಂಗ್, ಅಂದರೆ ಸುಮಾರು 100 ಮೀಟರ್ ಮಾತ್ರ, ಚುರುಕಾಗಿ ಓಡಿಸಲು ಆರಂಭಿಸಿ, ಕಾಲುಗಳು ತಣ್ಣಗಿರುವವರೆಗೆ ಆ ದೂರವನ್ನು ನಿಧಾನವಾಗಿ ಬೆಳೆಸುತ್ತೇನೆ.

ಮೇವಿನ ವಿಷಯದಲ್ಲಿಯೂ ನಾನು ಹಟವಾದಿ. ಕುದುರೆಯ ಹೊಟ್ಟೆ ಖಾಲಿಯಿದ್ದಾಗಲೂ ಆಮ್ಲ ಸ್ರವಿಸುತ್ತಲೇ ಇರುತ್ತದೆ, ಆ ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಸುರಿಯುತ್ತದೆ; ಧಾನ್ಯ ಹೆಚ್ಚಿಸಿ ಹುಲ್ಲು ಕಡಿತಗೊಳಿಸಿದ ಲಾಯಗಳಲ್ಲಿ ಜಠರದ ಹುಣ್ಣು ಸಾಮಾನ್ಯವಾಗಿರುವುದು ಇದರಿಂದಲೇ. ತಾಲೀಮಿಗೆ ಮುನ್ನ ಒಂದಿಷ್ಟು ಒಣಹುಲ್ಲು ತಿನ್ನಿಸದೆ ನಾನು ಕುದುರೆಯನ್ನು ಕಳಿಸುವುದಿಲ್ಲ. ರಾತ್ರಿ ಹಾಕಿದ ಮೇವು ಬೆಳಿಗ್ಗೆ ಉಳಿದಿದ್ದರೆ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಅದನ್ನು ಎಸೆಯದೆ ನನಗೆ ತೋರಿಸಬೇಕೆಂಬುದು ಲಾಯದ ನಿಯಮ.

ಇಷ್ಟೆಲ್ಲದರಲ್ಲಿ ಕಷ್ಟದ್ದು ಮಾಲೀಕರಿಗೆ ‘ಈ ಸಲ ರೇಸಿಗೆ ಎಂಟ್ರಿ ಬೇಡ’ ಎನ್ನುವುದು. ಕುದುರೆ ಲಾಯದಲ್ಲಿದ್ದಷ್ಟು ದಿನವೂ ಅವರಿಗೆ ಖರ್ಚು, ಓಡಿದರೆ ಮಾತ್ರ ಗೆಲುವಿನ ಆಸೆ. ಅವರ ಆತುರ ನ್ಯಾಯವಾದದ್ದೇ. ಮೊದಲ ಓಟದ ತಾರೀಖನ್ನು ಮುಂಗಡವಾಗಿ ಕೊಡುವುದಿಲ್ಲವೆಂದು ಈಗ ಮೊದಲ ಭೇಟಿಯಲ್ಲೇ ಹೇಳಿ, ಒಪ್ಪಿದವರ ಕುದುರೆಗಳನ್ನಷ್ಟೇ ಸೇರಿಸಿಕೊಳ್ಳುತ್ತೇನೆ.