ಮುಷ್ಟಿ ಬಿಗಿದು ಈಜಿ ಗಳಿಸಿದ ವೇಗ

ಫ್ರೀಸ್ಟೈಲ್‌ನಲ್ಲಿ 100 ಮೀಟರನ್ನು ಎರಡು ನಿಮಿಷಕ್ಕಿಂತ ಕೆಳಗೆ ತರಲು ನಾನು ಸುರಿದ ಹಣ ಹದಿನೈದು ಸಾವಿರ ದಾಟಿರಬಹುದು. ಅಂಗೈಗೆ ಕಟ್ಟುವ ದೊಡ್ಡ ಪ್ಯಾಡಲ್, ಕಾಲಿಗೆ ಹಾಕುವ ಫಿನ್ಸ್, ಉಸಿರಾಟದ ಕೊಳವೆ ಸ್ನಾರ್ಕೆಲ್, ಇವುಗಳ ಮೇಲೆ ತರಬೇತಿಯ ಶುಲ್ಕ. ಸಿಕ್ಕಿದ್ದು ನಾಲ್ಕೈದು ಸೆಕೆಂಡು, ಜೊತೆಗೆ ಬಲ ಭುಜದ ನೋವು. ಪ್ಯಾಡಲ್ ಕಟ್ಟಿಕೊಂಡಾಗ ನೀರು ಚೆನ್ನಾಗಿ ಹಿಡಿತಕ್ಕೆ ಬಂದಂತೆ ಅನಿಸುತ್ತದೆ. ಬಿಚ್ಚಿದ ಕೂಡಲೇ ಕೈ ಜಾರುತ್ತದೆ. ನೀರೆಳೆಯುವಾಗ ಮೊಣಕೈ ಕೆಳಗೆ ಬೀಳುತ್ತಿರುವುದನ್ನು ಪ್ಯಾಡಲ್ ಅಷ್ಟು ಹೊತ್ತು ಮುಚ್ಚಿಟ್ಟಿರುತ್ತದೆ.

ಕೊನೆಗೆ ಕೈಹಿಡಿದದ್ದು ಕಾಸು ಖರ್ಚಿಲ್ಲದ ಮುಷ್ಟಿ ಡ್ರಿಲ್, ಅಂದರೆ ಮುಷ್ಟಿ ಬಿಗಿದು ಈಜುವ ಅಭ್ಯಾಸ. ಮಂಗಳೂರಿನ ಲೇಡಿಹಿಲ್‌ನ ಮಂಗಳಾ ಈಜುಕೊಳದಲ್ಲಿ ಇದನ್ನು ನೋಡಿದ ಹಿರಿಯರೊಬ್ಬರು, "ಅದು ಮಕ್ಕಳಿಗೆ ಮಾರಾಯರೇ, ನಿಮಗೆ ಬೇಕಾದದ್ದು ದಮ್ಮು" ಎಂದಿದ್ದರು. ನಾನು ಒಪ್ಪಲಿಲ್ಲ. 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ 50, 100 ಮೀಟರ್ ಎರಡರಲ್ಲೂ ಚಿನ್ನ ಗೆದ್ದ ರಷ್ಯಾದ ಅಲೆಕ್ಸಾಂಡರ್ ಪೊಪೊವ್ ಕೂಡ ಶೈಲಿ ಕೆಡದಂತೆ ನಿಧಾನವಾಗಿ ಈಜುವ ಅಭ್ಯಾಸಕ್ಕೇ ಹೆಸರಾದವರು.

ಹೆಚ್ಚಿನವರು ಈ ಡ್ರಿಲ್ ಅನ್ನು ದಣಿದ ಮೇಲೆ, ಕೊನೆಗೆ ಮಾಡುತ್ತಾರೆ. ನಾನು ಮೈ ಬಿಸಿಯಾದ ಕೂಡಲೇ ಮಾಡುತ್ತೇನೆ. ಅರ್ಧ ಕೊಳ ಮುಷ್ಟಿ, ಉಳಿದರ್ಧ ಬಿಚ್ಚಿದ ಕೈ. ಒಂದೇ ಸಲ ಬಿಚ್ಚುವುದಿಲ್ಲ: ಮೊದಲು ತೋರುಬೆರಳು, ಆಮೇಲೆ ಎರಡು ಬೆರಳು, ಆಮೇಲೆ ಇಡೀ ಅಂಗೈ. ಮುಷ್ಟಿ ಕಟ್ಟಿದಾಗ ನೀರನ್ನು ತಳ್ಳಲು ಮುಂಗೈ ಬಿಟ್ಟರೆ ಬೇರೇನೂ ಇರುವುದಿಲ್ಲ, ಹಾಗಾಗಿ ಮೊಣಕೈ ತಾನಾಗಿಯೇ ಮೇಲೆ ನಿಲ್ಲುತ್ತದೆ. 50 ಮೀಟರಿಗೆ 56ರ ಹತ್ತಿರ ಇದ್ದ ಸ್ಟ್ರೋಕ್ (ಕೈಬೀಸು) ಈಗ 45ರ ಸುತ್ತ. ಮುಷ್ಟಿ ಬಿಚ್ಚುವ ಹೊತ್ತಿಗೆ ಉಸಿರನ್ನು ಹೇಗೆ ಹೊಂದಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಬೆಳಗಿನ ತಂಡಕ್ಕೆ ಮಾತ್ರ.

ಕ್ಯಾಚ್-ಅಪ್ ಡ್ರಿಲ್ ನನಗೆ ಒಗ್ಗಲಿಲ್ಲ. ಒಂದು ಕೈ ಇನ್ನೊಂದಕ್ಕಾಗಿ ಕಾಯುವಾಗ ಓಟವೇ ನಿಂತುಹೋಗುತ್ತದೆ. ಬೆರಳ ತುದಿಯನ್ನು ನೀರಿಗೆ ತಾಗಿಸುತ್ತಾ ಕೈ ಮುಂದೆ ತರುವ ಡ್ರಿಲ್‌ನಿಂದ ಈಜು ನೋಡಲು ಚಂದವಾಯಿತು, ಗಡಿಯಾರ ಮಾತ್ರ ಅಲ್ಲೇ ಇತ್ತು. ಒಂದು ಬದಿಗೆ ಮಲಗಿ ಆರು ಕಿಕ್ ಹೊಡೆದು ಮಗ್ಗುಲು ಬದಲಿಸುವುದನ್ನು ಉಳಿಸಿಕೊಂಡಿದ್ದೇನೆ.

ಕಾಲು ತೇಲಿಸಲು ತೊಡೆಗಳ ನಡುವೆ ಇಡುವ ಪುಲ್ ಬಾಯ್ ಕೊಳ್ಳದೆ ಒಂದು ಲೀಟರಿನ ಎರಡು ಬಾಟಲಿಗಳನ್ನು ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿದು ಇಟ್ಟುಕೊಂಡು ನೋಡಿದೆ. ಬರಿಯ ಗಾಳಿ ಇದ್ದರೆ ಕಾಲು ಮಿತಿಮೀರಿ ಮೇಲೇಳುತ್ತದೆ. ಕಾಲು ಭಾಗ ನೀರು ತುಂಬಿಸಿದರೆ ಸರಿಹೋಗುತ್ತದೆ. ಜನವರಿಯಲ್ಲಿ ಕಡಲು ಶಾಂತವಾಗಿದ್ದಾಗ ಮಲ್ಪೆಯಲ್ಲೂ ಮುಷ್ಟಿ ಈಜು ಮಾಡಿದೆ. ಬಹಳ ಹಗುರ ಎನಿಸಿತು. ಕಡಲ ನೀರು ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಸಾಂದ್ರ, ಅದು ಸೊಂಟವನ್ನು ತಾನೇ ಎತ್ತಿ ಹಿಡಿಯುತ್ತದೆ. ಕೊಳಕ್ಕೆ ಮರಳಿದಾಗ ಸೊಂಟ ಮತ್ತೆ ತಗ್ಗಿತು. ಆಮೇಲೆ ಲೆಕ್ಕವನ್ನೆಲ್ಲ ಕೊಳದಲ್ಲೇ ಇಡುತ್ತೇನೆ.

ಈಗ 100 ಮೀಟರಿಗೆ 1 ನಿಮಿಷ 42 ಸೆಕೆಂಡಿನ ಆಸುಪಾಸು. ದಮ್ಮಿನ ಮಾತಾಡಿದ ಹಿರಿಯರೇ ಅದನ್ನು ಗಡಿಯಾರ ಹಿಡಿದು ಅಳೆದರು. 400ರಲ್ಲಿ ಮುನ್ನೂರು ದಾಟಿದ ಮೇಲೆ ಎಡ ಮೊಣಕೈ ಇನ್ನೂ ಬೀಳುತ್ತದೆ. ಅದಕ್ಕೆ ಎಡಗೈ ಒಂದರಲ್ಲೇ ಮುಷ್ಟಿ ಕಟ್ಟಿ ಈಜಲು ಶುರುಮಾಡಿದ್ದೇನೆ.