ರೂಮ್ ಮಾಡದೆ ಕ್ಲಿವ್‌ಡನ್ ನೋಡುವುದು ಹೇಗೆ?

ಲಂಡನ್ ಕಡೆ ಇರುವವರು ಒಂದು ದಿನವನ್ನು ಕ್ಲಿವ್‌ಡನ್‌ಗೆ ಮೀಸಲಿಡಿ. ಥೇಮ್ಸ್ ನದಿಯ ಮೇಲಿನ ದಿಬ್ಬದಲ್ಲಿರುವ ಈ ಬಂಗಲೆ ಈಗ ದುಬಾರಿ ಹೋಟೆಲ್. ಆದರೆ ಜಾಗವೆಲ್ಲ ಹಳೆಯ ಮನೆ-ತೋಟಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಸೇರಿದ್ದು, ತೋಟದ ಟಿಕೆಟ್ ತಗೊಂಡರೆ ಸಾಕು. ಲಂಡನ್‌ನ ಪ್ಯಾಡಿಂಗ್ಟನ್ ಸ್ಟೇಷನ್‌ನಿಂದ ಟ್ಯಾಪ್ಲೋ ತನಕ ರೈಲಿದೆ. ಅದು ಚಿಕ್ಕ ಸ್ಟೇಷನ್, ಟ್ಯಾಕ್ಸಿಗೆ ಮೊದಲೇ ಹೇಳಿಟ್ಟಿರಿ.

ಮುಂಬಾಗಿಲಿಂದ ಶುರು ಮಾಡಬೇಡಿ. ಸೀದಾ ಹಿಂದಿನ ಹುಲ್ಲುಹಾಸಿಗೆ ಇಳಿದು, ಸಾಕಷ್ಟು ದೂರ ನಡೆದು, ತಿರುಗಿ ನಿಂತು ಮನೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗಿನ ಕಮಾನುಗಳ ಉದ್ದ ಜಗಲಿ 17ನೇ ಶತಮಾನದ್ದು, ಬಕಿಂಗ್‌ಹ್ಯಾಮ್‌ನ 2ನೇ ಡ್ಯೂಕ್ ಕಟ್ಟಿಸಿದ ಮೊದಲ ಮನೆಯದು. ಅದರ ಮೇಲಿದ್ದ ಮನೆ 1795ರಲ್ಲಿ ಸುಟ್ಟಿತು, ಮತ್ತೆ ಕಟ್ಟಿದ್ದು 1849ರಲ್ಲಿ ಸುಟ್ಟಿತು, ಜಗಲಿ ಮಾತ್ರ ಎರಡು ಬೆಂಕಿಯನ್ನೂ ದಾಟಿ ನಿಂತಿದೆ. ಈಗಿನ ಮನೆಯ ವಿನ್ಯಾಸ ಚಾರ್ಲ್ಸ್ ಬ್ಯಾರಿಯದು. ಲಂಡನ್‌ನಲ್ಲಿ ಬಸವಣ್ಣನ ಪ್ರತಿಮೆ ನೋಡಲು ಹೋದಾಗ ನದಿಯಾಚೆ ಪಾರ್ಲಿಮೆಂಟ್ ಕಾಣುತ್ತದೆ ಅಲ್ವಾ, ಅದೂ ಇವರದೇ ಕೆಲಸ.

ಅಲ್ಲೇ ಇರುವ ಕಲ್ಲಿನ ಕಟಾಂಜನದ ಹತ್ತಿರ ಹೋಗಿ. 1893ರಲ್ಲಿ ಮನೆ ಕೊಂಡ ಅಮೆರಿಕದ ಶ್ರೀಮಂತ ವಿಲಿಯಂ ವಾಲ್ಡಾರ್ಫ್ ಆಸ್ಟರ್ ಇದನ್ನು ರೋಮ್‌ನ ವಿಲ್ಲಾ ಬೋರ್ಗೀಸ್‌ನಿಂದ ತರಿಸಿದರು. ಕಲ್ಲಿನ ಜೊತೆ ಇಟಲಿಯ ಪುಟ್ಟ ಬಸವನಹುಳುಗಳೂ ಬಂದವು. ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ! ಸಂದುಗಳಲ್ಲಿ ತಾಳ್ಮೆಯಿಂದ ಹುಡುಕಿ, ಕಲ್ಲನ್ನು ಕೆರೆಯಬೇಡಿ.

ಬರುವವರೆಲ್ಲ ಈಜುಕೊಳವನ್ನೇ ಕೇಳುತ್ತಾರೆ. 1961ರಲ್ಲಿ ಬ್ರಿಟನ್‌ನ ಯುದ್ಧ ಮಂತ್ರಿ ಪ್ರೊಫ್ಯೂಮೋ ಯುವ ಮಾಡೆಲ್ ಕ್ರಿಸ್ಟೀನ್ ಕೀಲರ್‌ರನ್ನು ಅಲ್ಲಿ ಕಂಡರು, ಇಬ್ಬರ ನಡುವೆ ಬೆಳೆದ ಸಂಬಂಧ ಬಯಲಾಗಿ 1963ರಲ್ಲಿ ಪ್ರೊಫ್ಯೂಮೋ ರಾಜೀನಾಮೆ ಕೊಟ್ಟರು. ನನ್ನನ್ನು ಕೇಳಿದರೆ ಆ ಹೊತ್ತನ್ನು ಯುದ್ಧ ಸ್ಮಾರಕದ ತೋಟಕ್ಕೆ ಕೊಡಿ. ಮೊದಲ ಮಹಾಯುದ್ಧದಲ್ಲಿ ಕೆನಡಾದ ರೆಡ್‌ಕ್ರಾಸ್ ಇಲ್ಲಿ ಆಸ್ಪತ್ರೆ ನಡೆಸಿತ್ತು, ಉಳಿಯದ ಸೈನಿಕರ ಸಮಾಧಿಗಳು ಅಲ್ಲಿವೆ. ಜನ ಸುಮ್ನೆ ದಾಟಿಹೋಗುವುದು ನೋಡಿದರೆ ಬೇಜಾರಾಗುತ್ತದೆ.

ಒಳಗೆ ಹೋಗಬೇಕೆಂದರೆ ಮಧ್ಯಾಹ್ನದ ಟೀ ಮೊದಲೇ ಬುಕ್ ಮಾಡಿ. ದುಡ್ಡು ಜಾಸ್ತಿಯೇ. ಆದರೆ ದೊಡ್ಡ ಹಾಲ್‌ನಲ್ಲಿ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಬರೆದ ನ್ಯಾನ್ಸಿ ಆಸ್ಟರ್ ಚಿತ್ರವಿದೆ. 1919ರಲ್ಲಿ ಬ್ರಿಟನ್‌ನ ಕೆಳಮನೆಯಲ್ಲಿ ಕೂತ ಮೊದಲ ಹೆಂಗಸು ಅವರು, ಈ ಮನೆಯ ಸೊಸೆ. ಫ್ರೆಂಚ್ ಊಟದ ಕೋಣೆಯಲ್ಲಿ ಗೋಡೆಯ ಚಿನ್ನದ ಬಣ್ಣದ ಮರದ ಹಲಗೆಗಳು ಪ್ಯಾರಿಸ್ ಬಳಿಯ ಬಂಗಲೆಯೊಂದರಿಂದ ಬಂದವು. ಕೋಣೆ ಖಾಲಿ ಇದ್ದರೆ ಒಂದು ನಿಮಿಷ ನೋಡಬಹುದಾ ಅಂತ ಸಿಬ್ಬಂದಿಯನ್ನು ಕೇಳಿ.